ತಿರೂಲ್ ಮನೆಯ ಹಿಂದಿನ ತೋಡು, ಲಂಟಾನ, ಘಟ್ಟ: ಎಲ್ಲ ಬೋಳಿಸಬೇಕಾ, ಬಿಡಬೇಕಾ?

ಕುಂದಾಪುರದವಳು:

ಎಲ್ಲರಿಗೂ ನಮಸ್ಕಾರ. ಸಿಡ್ನಿಯಿಂದ ವೊಲೊಂಗಾಂಗ್ ಕಡೆಯ ತಿರೂಲ್‌ಗೆ ಬಂದು ನಮಗೆ 4 ತಿಂಗಳಾಯಿತು. ಇಲ್ಲಿನವರು ಎಸ್ಕಾರ್ಪ್‌ಮೆಂಟ್ ಅನ್ನುತ್ತಾರೆ, ನನ್ನ ಬಾಯಿಗೆ ಮಾತ್ರ ಘಟ್ಟ ಅಂತಲೇ ಬರುತ್ತದೆ. ಮುಂದಿನ ಬಾಗಿಲು ತೆಗೆದರೆ ಸಮುದ್ರ, ಹಿಂದಿನ ಬಾಗಿಲು ತೆಗೆದರೆ ಘಟ್ಟ. ಊರಲ್ಲಿ ಸಮುದ್ರದಿಂದ ಕೊಲ್ಲೂರಿನ ಕಾಡು ಮುಟ್ಟಲು ಬಸ್ಸಲ್ಲಿ ಒಂದು ಗಂಟೆ ಬೇಕಿತ್ತು. ಇಲ್ಲಿ ನಡೆದುಕೊಂಡು ಹೋದರೂ ಬೇಗ ಮುಟ್ಟುತ್ತದೆ. ಬೆಳಿಗ್ಗೆ ಮೋಡ ಘಟ್ಟದ ತಲೆಗೆ ಬಟ್ಟೆ ಸುತ್ತಿದ ಹಾಗೆ ಕೂತಿರುತ್ತದೆ. ಅದನ್ನು ನೋಡಿಯೇ ಈ ಮನೆ ತೆಗೆದುಕೊಂಡಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಿತ್ತಲು ಇಳಿಜಾರು. ಕೆಳಗೆ ಒಂದು ಸಣ್ಣ ತೋಡು ಇದೆ, ಅದು ಮುಂದೆ ಹ್ಯೂಯಿಟ್ಸ್ ಕ್ರೀಕ್ ಸೇರುತ್ತದೆ. ತೋಡಿನ ಎರಡೂ ಬದಿ ಆಳೆತ್ತರದ ಲಂಟಾನ, ಒಳಗೆ ಹೆಜ್ಜೆ ಇಡಲೂ ಆಗುವುದಿಲ್ಲ. ನಡುವೆ ನಾಲ್ಕೈದು ಉದ್ದನೆಯ ತಾಳೆ ಜಾತಿಯ ಮರ, ಹೆಸರು ಗೊತ್ತಿಲ್ಲದ ಒಂದಷ್ಟು ಗಿಡ. ನಮ್ಮ ಯಜಮಾನರು ಜೆಸಿಬಿ ತರಿಸಿ ಒಂದೇ ದಿನದಲ್ಲಿ ಎಲ್ಲ ತೆಗೆಸಿ ಹುಲ್ಲು ಹಾಕಿಸೋಣ ಅನ್ನುತ್ತಾರೆ. ಹಾವಿನ ಭಯ, ಬೆಂಕಿಯ ಭಯ, ಮಕ್ಕಳಿಗೆ ಆಡಲು ಜಾಗವೂ ಆಗುತ್ತದೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದು ‘ದಯವಿಟ್ಟು ಅವಸರ ಮಾಡಬೇಡಿ’ ಅಂದರು. ಯಾಕೆ ಅಂತ ಪೂರ್ತಿ ಕೇಳಲು ಆಗಲಿಲ್ಲ. ಈ ಕಡೆ ಇರುವವರು ಯಾರಾದರೂ ಹೇಳುತ್ತೀರಾ?

ಸಾಗರದ ಇಂಬಳ:

ಅಕ್ಕ, ಮೊದಲು ಜೆಸಿಬಿಯವರಿಗೆ ಫೋನ್ ಮಾಡಿ ಬೇಡ ಅಂತ ಹೇಳಿಬಿಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಾನು 6 ವರ್ಷದಿಂದ ಇಲ್ಲಿ ಬುಷ್‌ಕೇರ್ ಗುಂಪಿನ ಜೊತೆ ಕೆಲಸ ಮಾಡುತ್ತಿದ್ದೇನೆ. ಗುಂಪು ಅಂದರೆ ಅಕ್ಕಪಕ್ಕದವರೇ, ಸೇರಿ ಕಳೆ ಕಿತ್ತು ಈ ನೆಲದ ಗಿಡಗಳಿಗೆ ಜಾಗ ಮಾಡಿಕೊಡುತ್ತೇವೆ. ಲಂಟಾನ ಇಲ್ಲಿನದಲ್ಲ, ಒಪ್ಪುತ್ತೇನೆ. ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆಮಹದೇಶ್ವರ ಬೆಟ್ಟದಲ್ಲಿ ಅದು ಏನು ಮಾಡಿದೆ ಅಂತ ನಮಗೆಲ್ಲ ಗೊತ್ತು. ಇಲ್ಲೂ ಅದೇ ಕಥೆ, ಕೆಳಗಿನ ಮೊಳಕೆಗಳಿಗೆ ಬೆಳಕೇ ಬಿಡುವುದಿಲ್ಲ. ತೆಗೆಯಲೇಬೇಕು. ಆದರೆ ಒಂದೇ ದಿನದಲ್ಲಿ ಅಲ್ಲ.

ಕಾರಣ ಎರಡು. ಒಂದು, ನಿಮ್ಮ ಇಳಿಜಾರಿನ ಮಣ್ಣನ್ನು ಸದ್ಯಕ್ಕೆ ಹಿಡಿದಿರುವುದು ಆ ಲಂಟಾನದ ಬೇರು. ಇನ್ನೊಂದು, ಒಳ್ಳೆಯ ಪೊದೆ ಹೋಗಿ ಎಷ್ಟೋ ಕಾಲವಾದ ಕಡೆ ಸಣ್ಣ ಹಕ್ಕಿಗಳಿಗೆ ಈಗ ಅದೇ ಮನೆ. ಬೆಳಿಗ್ಗೆ ಚಾಟಿ ಬೀಸಿದ ಹಾಗೆ ‘ಛಟ್’ ಅಂತ ಒಂದು ಸದ್ದು, ಅದರ ಬೆನ್ನಿಗೇ ‘ಚ್ಯೂ ಚ್ಯೂ’ ಅಂತ ಇನ್ನೊಂದು ಕೇಳುತ್ತದಾ? ಅದು ವಿಪ್‌ಬರ್ಡ್. ಮೊದಲ ಸದ್ದು ಗಂಡಿನದು, ಉತ್ತರ ಹೆಣ್ಣಿನದು. ಎಷ್ಟೋ ಸಲ ಒಂದೇ ಹಕ್ಕಿ ಕೂಗಿದ ಹಾಗೆ ಕೇಳುತ್ತದೆ, ಅಷ್ಟು ಸರಿಯಾಗಿ ಸೇರಿಸುತ್ತವೆ. ಅವು ಇರುವುದೇ ಇಂಥ ದಟ್ಟ ಪೊದೆಯೊಳಗೆ.

ಸಿಡ್ನಿಯಲ್ಲಿ 1960ರ ದಶಕದಲ್ಲಿ ಬ್ರಾಡ್ಲಿ ಅಂತ ಅಕ್ಕತಂಗಿ ಇಬ್ಬರು ಒಂದು ದಾರಿ ತೋರಿಸಿದರು, ಈಗಲೂ ನಾವು ಹೆಚ್ಚುಕಡಿಮೆ ಅದನ್ನೇ ಹಿಡಿದು ಹೋಗುತ್ತೇವೆ. ಎಲ್ಲಿ ಕಾಡು ಚೆನ್ನಾಗಿದೆಯೋ ಅಲ್ಲಿಂದ ಶುರು ಮಾಡಬೇಕು, ತೀರಾ ಕೆಟ್ಟ ಜಾಗದಿಂದ ಅಲ್ಲ. ಕೈಯಲ್ಲೇ ಕಿತ್ತು, ಮಣ್ಣು ಆದಷ್ಟು ಕದಡದೆ, ಈ ನೆಲದ ಗಿಡ ಎಷ್ಟು ಬೇಗ ಜಾಗ ತುಂಬುತ್ತದೋ ಅಷ್ಟೇ ಬೇಗ ಮುಂದಕ್ಕೆ ಹೋಗಬೇಕು. ನಿಧಾನದ ಕೆಲಸ. ಆದರೆ ಕಿತ್ತ ಜಾಗಕ್ಕೆ ಮತ್ತೆ ಕಳೆ ಬರುವುದು ತುಂಬಾ ಕಡಿಮೆ.

ನಿಮ್ಮ ‘ತಾಳೆ ಜಾತಿಯ ಮರ’ ಕ್ಯಾಬೇಜ್ ಟ್ರೀ ಪಾಮ್ ಇರಬೇಕು. ತಿರೂಲ್ ಅನ್ನುವ ಹೆಸರೇ ಆ ಮರಗಳ ಕಣಿವೆ ಅನ್ನುವ ಇಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದದ್ದು ಅಂತ ಹೇಳುತ್ತಾರೆ. ಊರಿಗೆ ಹೆಸರು ಕೊಟ್ಟ ಮರ ನಿಮ್ಮ ಹಿತ್ತಲಲ್ಲಿದೆ ಅಕ್ಕ.

ಒಂದು ಎಚ್ಚರಿಕೆ. ಅಂಗೈಗಿಂತ ದೊಡ್ಡ, ಹೃದಯದಾಕಾರದ, ಮೆತ್ತಗೆ ರೋಮ ಇರುವ ಎಲೆ ಕಂಡರೆ ಮುಟ್ಟಲೇಬೇಡಿ. ಅದು ಸ್ಟಿಂಗಿಂಗ್ ಟ್ರೀ. ನಮ್ಮ ತುರಿಕೆ ಗಿಡದ ಉರಿ ಒಂದು ಗಂಟೆಯಲ್ಲಿ ಹೋಗುತ್ತದೆ, ಇದರದ್ದು ವಾರಗಟ್ಟಲೆ ಕಾಡುತ್ತದೆ. ಮಕ್ಕಳಿಗೆ ಮೊದಲು ಅದನ್ನು ತೋರಿಸಿಕೊಡಿ.

ಮಣ್ಣು ಮೋರಿ:

ನಾನು ಸಿವಿಲ್ ಇಂಜಿನಿಯರ್, ಈ ಭಾಗದಲ್ಲೇ ಕೆಲಸ. ಮೇಲೆ ಹೇಳಿದ್ದು ಸರಿ. ಇದಕ್ಕೆ ನೆಲದೊಳಗಿನ ವಿಷಯ ಸೇರಿಸುತ್ತೇನೆ.

ಘಟ್ಟದ ತಲೆಯ ಮೇಲೆ ಕಾಣುವ ಹಳದಿ ಬಂಡೆಗೋಡೆ ಹಾಕ್ಸ್‌ಬರಿ ಮರಳುಗಲ್ಲು. ಗಟ್ಟಿ, ನೀರು ಬಿಟ್ಟುಕೊಡುತ್ತದೆ. ಅದರ ಕೆಳಗೆ ಮರಳುಗಲ್ಲು ಒಂದು ಪದರ, ಜೇಡಿಗಲ್ಲು ಒಂದು ಪದರ, ಹೀಗೆ ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗೆ ಕಲ್ಲಿದ್ದಲು. ಜೇಡಿಗಲ್ಲು ನೀರು ಕುಡಿದರೆ ಮೆತ್ತಗಾಗುತ್ತದೆ. ಆಗ ಅದರ ಮೇಲೆ ಕೂತ ಬಂಡೆಗೆ ಕಾಲೇ ಇಲ್ಲದ ಹಾಗಾಗುತ್ತದೆ. ಬಂಡೆ ಒಡೆಯುತ್ತದೆ, ಉರುಳುತ್ತದೆ, ಕಲ್ಲು ಮಣ್ಣು ಎಲ್ಲ ಸೇರಿ ಇಳಿಜಾರಿನ ಮೇಲೆ ಹೊದಿಕೆಯ ಹಾಗೆ ಬಿದ್ದಿರುತ್ತದೆ. ಘಟ್ಟ ಹಿಂದೆ ಹಿಂದೆ ಸರಿಯುತ್ತಾ ಬಂದಿರುವುದೇ ಹೀಗೆ, ಲಕ್ಷಾಂತರ ವರ್ಷಗಳಿಂದ. ಘಟ್ಟದ ಬುಡದ ಎಷ್ಟೋ ಮನೆಗಳು ಆ ಹೊದಿಕೆಯ ಮೇಲೇ ಇವೆ. ಕೆಲವು ಕಡೆ ಅದು ಈಗಲೂ ಕೆಳಗೆ ಜರುಗುತ್ತಿದೆ, ವರ್ಷಕ್ಕೆ ಕಣ್ಣಿಗೆ ಕಾಣದಷ್ಟು.

1988ರ ಏಪ್ರಿಲ್ 30ರಂದು ಇಲ್ಲೇ ಉತ್ತರಕ್ಕೆ, ಕೋಲ್‌ಡೇಲ್‌ನಲ್ಲಿ, ಮಳೆಗೆ ರೈಲು ಹಳಿಯ ಏರಿ ಕುಸಿದು ಕೆಳಗಿನ ಮನೆಯ ಮೇಲೆ ಬಿತ್ತು. ಒಬ್ಬ ತಾಯಿ, ಅವರ ಮಗು ತೀರಿಕೊಂಡರು. 2003ರಲ್ಲಿ ಕೋಲ್‌ಕ್ಲಿಫ್ ಮತ್ತು ಕ್ಲಿಫ್ಟನ್ ನಡುವಿನ ರಸ್ತೆಗೆ ಬಂಡೆ ಬೀಳುವುದು ನಿಲ್ಲದೆ ರಸ್ತೆಯನ್ನೇ ಮುಚ್ಚಿದರು. ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಸೀ ಕ್ಲಿಫ್ ಬ್ರಿಡ್ಜ್ ಇದೆಯಲ್ಲ, 2005ರ ಡಿಸೆಂಬರ್‌ನಲ್ಲಿ ತೆರೆದದ್ದು, ಅದು ಸಮುದ್ರದ ಮೇಲೆ ಹೋಗಿರುವುದು ಚಂದಕ್ಕಲ್ಲ, ಬಂಡೆಯಿಂದ ದೂರ ಇರಲಿ ಅಂತ. ಗುಡ್ಡವನ್ನು ತಡೆಯಲು ಆಗುವುದಿಲ್ಲ ಅಂತ ಒಪ್ಪಿಕೊಂಡು ಕಟ್ಟಿದ ಸೇತುವೆ ಅದು.

ನಿಮ್ಮ ಹಿತ್ತಲಿಗೆ ಬಂದರೆ, ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ. ಕೊಳವೆ ಒಡೆದು ಇಳಿಜಾರಿನ ಮಣ್ಣಿಗೇ ನೀರು ಇಳಿಯುತ್ತಿದ್ದರೆ ಲಂಟಾನಕ್ಕಿಂತ ಮುಂಚೆ ಅದನ್ನು ಸರಿ ಮಾಡಿಸಿ. ಮರಗಳು ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿವೆಯಾ, ಬೇಲಿಯ ಕಂಬ ವಾಲಿದೆಯಾ, ನೆಲದಲ್ಲಿ ಬಿರುಕು ಇದೆಯಾ ನೋಡಿ. ಇದ್ದರೆ ಮಣ್ಣು ಪರೀಕ್ಷೆ ಮಾಡುವವರನ್ನು ಕರೆಸಲೇಬೇಕು. ಜೆಸಿಬಿ ಆಮೇಲೆ ಕೂಡ ಬೇಡ.

ಎರಡು ಸಲ ಕಟ್ಟಿದ ಗೋಡೆ:

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ಬೇರೆ ಯಾರಿಗೂ ಆಗುವುದು ಬೇಡ.

2021ರ ಕೊನೆಯಲ್ಲಿ ನಾವೂ ಹೀಗೇ ಮಾಡಿಸಿದೆವು. ಒಬ್ಬ ಗುತ್ತಿಗೆದಾರ ಬಂದು 2 ದಿನದಲ್ಲಿ ಲಂಟಾನ, ಜರಿಗಿಡ, ಸಣ್ಣ ಮರ ಎಲ್ಲ ಬಳಿದು ಹಾಕಿದ. ನೋಡಲು ಎಷ್ಟು ಚೊಕ್ಕ ಆಯಿತು ಅಂದರೆ ನಾವು ಅಲ್ಲಿ ಕುರ್ಚಿ ಹಾಕಿ ಕೂತು ಸಮುದ್ರ ನೋಡಿದೆವು. 2022 ಹೇಗಿತ್ತು ಅಂತ ಇಲ್ಲಿದ್ದವರಿಗೆಲ್ಲ ಗೊತ್ತು, ಬಿಡದ ಮಳೆ. ಮಾರ್ಚ್‌ನಲ್ಲಿ ಒಂದು ರಾತ್ರಿ ಏನೋ ಎಳೆದ ಹಾಗೆ ಸದ್ದು ಬಂತು. ಬೆಳಿಗ್ಗೆ ನೋಡಿದರೆ ಅರ್ಧ ಹಿತ್ತಲು ಇಲ್ಲ. ತಡೆಗೋಡೆ ತೋಡಿನಲ್ಲಿ ಬಿದ್ದಿತ್ತು. ನಮ್ಮ ಮಣ್ಣು ಹೋಗಿ ಕೆಳಗಿನ ಮನೆಯವರ ಶೆಡ್ಡಿಗೆ ತುಂಬಿತ್ತು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಇವತ್ತಿಗೂ ನೋವು. ಮಗಳು ಗಂಬೂಟು ಹಾಕಿಕೊಂಡು ಅವರ ಮನೆಗೆ ಹೋಗಿ ಕೆಸರು ಎತ್ತಿದಳು, 9 ವರ್ಷದ ಮಗು.

ಗೋಡೆ ಮತ್ತೆ ಕಟ್ಟಿಸಿದೆವು. ಖರ್ಚು ಹೇಳುವುದಿಲ್ಲ. ಆ ಜಾಗದಲ್ಲಿ ಈಗ ಲೊಮಾಂಡ್ರ ಅಂತ ಹುಲ್ಲಿನ ಹಾಗಿರುವ ಗಿಡ ನೆಟ್ಟಿದ್ದೇವೆ, ಬೇರು ಗಟ್ಟಿಯಾಗಿ ಹಿಡಿಯುತ್ತದೆ.

ಕುಂದಾಪುರದವಳು:

ಓದಿ ಕೈ ತಣ್ಣಗಾಯಿತು. ಯಜಮಾನರಿಗೂ ತೋರಿಸಿದೆ. ಜೆಸಿಬಿ ಬೇಡ ಅಂತ ಫೋನ್ ಮಾಡಿದ್ದಾಯಿತು.

2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗ ಅಪ್ಪ ಫೋನ್ ಮಾಡಿ ‘ಬುಡ ಕಡಿದರೆ ಗುಡ್ಡ ನಿಲ್ಲುತ್ತದಾ’ ಅಂತ ಕೇಳಿದ್ದರು. ಆ ಮಾತು ಕೇಳಿಯೂ ಇಲ್ಲಿ ನನಗೆ ಹೊಳೆಯಲಿಲ್ಲವಲ್ಲ.

ಆದರೂ ಬೆಂಕಿ, ಹಾವು ಇವರ ತಲೆಯಿಂದ ಹೋಗಿಲ್ಲ. ಅದಕ್ಕೆ ಏನು ಹೇಳಲಿ?

ಪಶ್ಚಿಮದ ಗಾಳಿ:

ನಾನು ನಿಮ್ಮ ಯಜಮಾನರ ಪರ. ಎಲ್ಲರೂ ಹಕ್ಕಿ, ಮರ ಅಂತ ಹೇಳುತ್ತಿದ್ದೀರಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಅನ್ನುವುದನ್ನೂ ನೋಡಿ. ಆಗಸ್ಟ್ ಬಂದರೆ ಘಟ್ಟದ ಮೇಲಿನಿಂದ ಪಶ್ಚಿಮದ ಒಣಗಾಳಿ ಹೇಗೆ ಬೀಳುತ್ತದೆ ಗೊತ್ತಲ್ವಾ? ಗಂಟೆಗೆ 100 ಕಿಲೋಮೀಟರ್ ದಾಟಿದ ರಾತ್ರಿಗಳನ್ನು ನಾನೇ ನೋಡಿದ್ದೇನೆ, ಹೆಂಚು ಹಾರಿದೆ. ಆ ಗಾಳಿಗೆ ಒಂದು ಕಿಡಿ ಸಿಕ್ಕರೆ? 1968ರಲ್ಲಿ ಈ ಘಟ್ಟಕ್ಕೆ ಬೆಂಕಿ ಬಿದ್ದಿತ್ತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಉಣ್ಣಿ ಬೇರೆ. ಇಲ್ಲಿನ ಪ್ಯಾರಲಿಸಿಸ್ ಟಿಕ್ ನಮ್ಮ ನಾಯಿಯನ್ನು ಸಾಯಿಸಿತು. ಮನೆಯ ಸುತ್ತ ಸ್ವಲ್ಪ ಬಯಲು ಇರಲೇಬೇಕು.

ಸಾಗರದ ಇಂಬಳ:

ನಾಯಿಯ ವಿಷಯ ಕೇಳಿ ಬೇಸರವಾಯಿತು ಅಣ್ಣ. ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಮನೆಯ ಗೋಡೆಗೆ ತಾಗಿ ಪೊದೆ ಇರಬಾರದು, ಮಾಡಿನ ದೋಣಿಯಲ್ಲಿ ಒಣ ಎಲೆ ಇರಬಾರದು. ಗಾಳಿಯಲ್ಲಿ ದೂರದಿಂದ ಹಾರಿ ಬರುವ ಕೆಂಡಕ್ಕೆ ಮೊದಲು ಸಿಗುವುದು ಆ ಎಲೆಗಳೇ.

ಆದರೆ ಘಟ್ಟದ ಮೇಲಿನ ಕಾಡು ಬೇರೆ, ತೋಡಿನ ಕಾಡು ಬೇರೆ. ಮೇಲೆ ಮರಳುಗಲ್ಲಿನ ಒಣ ನೆಲದಲ್ಲಿ ನೀಲಗಿರಿ ಜಾತಿಯ ಮರಗಳು, ಎಲೆಯಲ್ಲೇ ಎಣ್ಣೆ, ಅದು ಹತ್ತಿಕೊಳ್ಳುವ ಕಾಡು. ತೋಡಿನ ಬದಿಯಲ್ಲಿ ಮಳೆಕಾಡು, ನೆರಳು, ಒದ್ದೆ ನೆಲ. ಅದಕ್ಕೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಅದನ್ನು ತೆಗೆದು ಒಣಹುಲ್ಲು ಹಾಕಿದರೆ ಬೇಸಿಗೆಯಲ್ಲಿ ಅಪಾಯ ಜಾಸ್ತಿ ಆಗಬಹುದು, ಕಡಿಮೆ ಆಗುವುದಿಲ್ಲ.

ಈ ಮಳೆಕಾಡು ಈಗ ಉಳಿದಿರುವುದು ಚೂರು ಚೂರು. 2019ರಲ್ಲಿ ಇಲವಾರ (ವೊಲೊಂಗಾಂಗ್ ಸುತ್ತಲಿನ ನಮ್ಮ ಈ ಭಾಗ) ಮತ್ತು ಶೋಲ್‌ಹೇವನ್ ಉಪೋಷ್ಣ ಮಳೆಕಾಡನ್ನು ಕೇಂದ್ರ ಸರ್ಕಾರ ಅತಿ ಹೆಚ್ಚು ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು. ಮೊದಲು ಹೋದದ್ದು ಕೆಂಪು ಸೀಡರ್. 1800ರ ಮೊದಲ ದಶಕಗಳಲ್ಲೇ ಕಡಿದು ಹಡಗಿನಲ್ಲಿ ಸಾಗಿಸಿದರು. ಅದು ನಮಗೆ ಹೊಸ ಮರ ಅಲ್ಲ, ನಮ್ಮ ಘಟ್ಟದ ಗಂಧಗರಿಗೆಯೇ ಅದು, ಒಂದೇ ಜಾತಿ. ಚಳಿಗಾಲದಲ್ಲಿ ಎಲೆ ಉದುರಿಸಿ ವಸಂತದಲ್ಲಿ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಇಲ್ಲಿ ಮೊದಲ ಸಲ ಗುರುತು ಹಿಡಿದಾಗ ನಾನು ಅದರ ಕಾಂಡದ ಮೇಲೆ ಕೈಯಿಟ್ಟು ಸುಮ್ನೆ ನಿಂತಿದ್ದೆ. ಲಿಲ್ಲಿಪಿಲ್ಲಿ ಅನ್ನುವ ಮರ ನಮ್ಮ ನೇರಳೆಯ ನೆಂಟ. ಎಲೆ ಮರಳುಕಾಗದದ ಹಾಗೆ ಒರಟಾಗಿದ್ದರೆ ಅದು ಸ್ಯಾಂಡ್‌ಪೇಪರ್ ಫಿಗ್, ಅತ್ತಿಯ ಬಳಗ, ತೋಡಿನ ಬದಿಯಲ್ಲೇ ಬರುತ್ತದೆ. ಅಕ್ಕ, ನಿಮ್ಮ ಹೆಸರು ಗೊತ್ತಿಲ್ಲದ ಗಿಡಗಳಲ್ಲಿ ಇವು ಇದ್ದರೂ ಇರಬಹುದು.

1996ರಿಂದ ಬುಲೈ:

ನಾನು ವೊಲೊಂಗಾಂಗ್ ವಿಶ್ವವಿದ್ಯಾಲಯಕ್ಕೆ ಓದಲು ಬಂದು ಇಲ್ಲೇ ಉಳಿದವನು. 1998ರ ಆಗಸ್ಟ್ 17ರ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಮುದ್ರದ ತೇವದ ಗಾಳಿ ಬಂದು ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ನಮ್ಮ ಆಗುಂಬೆಗೆ ಮಳೆ ಆಗುವುದೂ ಹೀಗೇ ಅಲ್ವಾ? ವ್ಯತ್ಯಾಸ ಏನೆಂದರೆ ಇಲ್ಲಿ ಘಟ್ಟಕ್ಕೂ ಸಮುದ್ರಕ್ಕೂ ನಡುವೆ ಜಾಗವೇ ಇಲ್ಲ. ಮೇಲೆ ಬಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ನಮ್ಮ ಬೀದಿಯಲ್ಲಿರುತ್ತದೆ. ಎಚ್ಚರಿಕೆ ಕೊಡಲೂ ಸಮಯ ಸಿಗುವುದಿಲ್ಲ. ಆ ದಿನ ಸಂಜೆ ತಿರೂಲ್, ಬುಲೈ, ವುನೋನ ಎಲ್ಲ ಕಡೆ ಹಳ್ಳಗಳು ಹುಚ್ಚೆದ್ದು ಬಂದವು. ನಾನಿದ್ದ ಬಾಡಿಗೆ ಮನೆಯ ಮುಂದೆ ಒಂದು ಕಾರು ತೇಲಿಕೊಂಡು ಹೋಗಿದ್ದು ನೋಡಿದ್ದೇನೆ. ನೀರಿಗಿಂತ ಜಾಸ್ತಿ ಹಾಳು ಮಾಡಿದ್ದು ನೀರಿನ ಜೊತೆ ಬಂದದ್ದು. ಮರದ ದಿಮ್ಮಿ, ಬಂಡೆ, ಬೇಲಿ, ಕಸದ ಡಬ್ಬಿ ಎಲ್ಲ ಹೋಗಿ ಮೋರಿಯ ಬಾಯಿಗೆ ಸಿಕ್ಕಿಕೊಂಡವು. ನೀರು ಹಳ್ಳ ಬಿಟ್ಟು ರಸ್ತೆ ಹಿಡಿಯಿತು, ಮನೆಗಳಿಗೆ ನುಗ್ಗಿತು.

ಮಣ್ಣು ಮೋರಿ:

ಇದಕ್ಕೆ ಒಂದು ಸಾಲು ಸೇರಿಸಲೇಬೇಕು. ಆ ನೆರೆಯ ನಂತರ 2002ರಲ್ಲಿ ವೊಲೊಂಗಾಂಗ್ ಕೌನ್ಸಿಲ್, ನೆರೆಯ ಲೆಕ್ಕ ಹಾಕುವಾಗ ಮೋರಿ ಕಟ್ಟಿಕೊಂಡೇ ಇರುತ್ತದೆ ಅಂತ ಇಟ್ಟುಕೊಂಡು ಹಾಕಬೇಕು ಅನ್ನುವ ನಿಯಮ ತಂದಿತು. ಹಾಗಾಗಿ ಕಿತ್ತ ಲಂಟಾನದ ರಾಶಿಯನ್ನು ತೋಡಿನ ದಡದಲ್ಲಿ ಇಡಲೇಬೇಡಿ. ನಿಮ್ಮ ರಾಶಿ ಕೆಳಗಿನ ಬೀದಿಯ ಮೋರಿಗೆ ಹೋಗುತ್ತದೆ. 2024ರ ಏಪ್ರಿಲ್ 6ರಂದು ಮತ್ತೆ ನೀರು ಮನೆಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ.

1996ರಿಂದ ಬುಲೈ:

ಅದರ ಮುಂದಿನ ಕಥೆ ಸಮುದ್ರದಲ್ಲಿ. ದೊಡ್ಡ ಮಳೆಯ ಮಾರನೆಯ ದಿನ ಕಡಲು ಚಹಾದ ಬಣ್ಣ. ಹಳ್ಳದ ಬಾಯಿ ಸಾಮಾನ್ಯವಾಗಿ ಮರಳಿನಿಂದ ಮುಚ್ಚಿ ಸಣ್ಣ ಕೆರೆಯ ಹಾಗಿರುತ್ತದೆ, ಮಳೆಗೆ ಒಡೆದುಕೊಂಡು ಎಲ್ಲ ಹೊರಗೆ ಹೋಗುತ್ತದೆ. ಎರಡು ಮೂರು ದಿನ ಈಜಬೇಡಿ, ಮಕ್ಕಳನ್ನು ಆ ಕೆರೆಯಲ್ಲಿ ಬಿಡಲೇಬೇಡಿ.

ದಂಡೆಯ ಮರಳಿನ ದಿಬ್ಬದ ಮೇಲೆ ಹಳದಿ ಹೂವಿನ ಒಂದು ಪೊದೆ ಇದೆ, ನೋಡಿರುತ್ತೀರಿ. ಬಿಟು ಬುಷ್ ಅಂತ, ದಕ್ಷಿಣ ಆಫ್ರಿಕಾದ್ದು. ಮರಳು ಹಿಡಿಯಲಿ ಅಂತ 1946ರಿಂದ 1968ರವರೆಗೆ ಈ ರಾಜ್ಯದ ಮಣ್ಣು ಸಂರಕ್ಷಣಾ ಇಲಾಖೆಯವರೇ ಕರಾವಳಿಯಲ್ಲಿ ನೆಟ್ಟರು. ಈಗ ಅದನ್ನು ಕೀಳುವುದೇ ಕೆಲಸ. ಯೋಚನೆ ಮಾಡದೆ ಕಡಿಯುವುದು ಹೇಗೆ ತಪ್ಪೋ, ಯೋಚನೆ ಮಾಡದೆ ನೆಡುವುದೂ ಹಾಗೇ.

ಶನಿವಾರದ ದರ್ಶನ:

ನಾನು ಸಿಡ್ನಿಯವನು, ಹೆಲೆನ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನಕ್ಕೆ ಬಂದಾಗಲೆಲ್ಲ ಪುಳಿಯೋಗರೆ ಕಟ್ಟಿಸಿಕೊಂಡು ಬಾಲ್ಡ್ ಹಿಲ್‌ಗೆ ಬಂದು ಕೂರುತ್ತೇವೆ. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ಘಟ್ಟ, ಅದರ ಬುಡದಲ್ಲಿ ಸಾಲಾಗಿ ಊರುಗಳು, ಸಮುದ್ರ. ಜೂನ್ ಜುಲೈನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಉತ್ತರಕ್ಕೆ ಹೋಗುವುದು ಕಾಣುತ್ತದೆ. ಅವುಗಳ ಬೇಟೆ ಇಲ್ಲಿ 1960ರ ದಶಕದಲ್ಲಿ ನಿಂತಾಗ ಈ ಕರಾವಳಿಯಲ್ಲಿ ಕೆಲವು ನೂರಷ್ಟೇ ಉಳಿದಿದ್ದವಂತೆ, ಈಗ ಸಾವಿರಗಟ್ಟಲೆ ಆಗಿವೆ. ಬಿಟ್ಟರೆ ಬರುತ್ತವೆ ಅನ್ನುವುದಕ್ಕೆ ನನಗೆ ಅದೇ ಸಾಕು.

ಒಂದು ಬೇಡಿಕೆ. ಈ ನೆಲದ ಬಗ್ಗೆ ಮಾತಾಡುವಾಗ ಇಲ್ಲಿನ ಮೂಲನಿವಾಸಿಗಳಾದ ಧರವಾಲ್ ಜನರನ್ನು ಬಿಡಬೇಡಿ. ತಿರೂಲ್ ಪಕ್ಕದ ಸ್ಯಾಂಡನ್ ಪಾಯಿಂಟ್‌ನಲ್ಲಿ 1998ರಲ್ಲಿ ಕಡಲು ಮರಳು ಕೊರೆದಾಗ ಅವರ ಹಿರಿಯರೊಬ್ಬರ ಸಮಾಧಿ ಹೊರಗೆ ಬಂತು. ಅಲ್ಲಿ ಮನೆ ಕಟ್ಟುವುದನ್ನು ವಿರೋಧಿಸಿ 2000ದಲ್ಲಿ ಟೆಂಟ್ ಹಾಕಿ ಕೂತರು. 2007ರಲ್ಲಿ ಸರ್ಕಾರ ಅದನ್ನು ಮೂಲನಿವಾಸಿಗಳ ಪವಿತ್ರ ಜಾಗ ಅಂತ ಘೋಷಿಸಿತು. ಆದರೂ ಅದರ ಪಕ್ಕದ ಸುಮಾರು ಜಾಗದಲ್ಲಿ ಈಗ ಮನೆಗಳು ಎದ್ದಿವೆ.

ಕುಂದಾಪುರದವಳು:

5 ವಾರದ ನಂತರ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಅಜ್ಜಿಯ ಜೊತೆ ಕೂತು ಪೂರ್ತಿ ಮಾತಾಡಿದೆ. 1998ರಲ್ಲಿ ಅವರ ಮನೆಯೊಳಗೆ ಮೊಣಕಾಲು ನೀರು ಬಂದಿತ್ತಂತೆ. ಅವರೇ ಕೈಗವಸು ಕೊಟ್ಟರು, ಕತ್ತಿ ಹಿಡಿಯುವುದನ್ನು ತೋರಿಸಲು ಬಂದರು, ಆಮೇಲೆ ನಾನು ಹಿಡಿದದ್ದು ನೋಡಿ ‘ನಿಮಗೆ ಹೇಳಿಕೊಡುವುದು ಬೇಡ’ ಅಂದರು. ಮಾಡಿನ ಕೊಳವೆ ನಿಜವಾಗಿಯೂ ಒಡೆದಿತ್ತು, ಸರಿ ಮಾಡಿಸಿದೆವು. ಬೇಲಿಯ ಕಂಬಗಳು ನೆಟ್ಟಗಿವೆ, ಬಿರುಕು ಇಲ್ಲ. ಮನೆಯ ಗೋಡೆಯಿಂದ ಒಂದಷ್ಟು ದೂರ ಬಯಲು ಮಾಡಿದ್ದೇವೆ, ಪಶ್ಚಿಮದ ಗಾಳಿಯವರ ಮಾತು ಯಜಮಾನರಿಗೆ ಹಿಡಿಸಿತು.

ತೋಡಿನ ಕಡೆ ಪಾಮ್ ಮರಗಳ ಬುಡದಿಂದ ಶುರು ಮಾಡಿದೆ. ಒಂದು ಚಾಪೆಯಷ್ಟು ಜಾಗ, ಅಷ್ಟೇ. ಲಂಟಾನ ತೆಗೆದ ಕೆಳಗೆ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆ ಎಲೆಯ ಸಣ್ಣ ಸಣ್ಣ ಮೊಳಕೆ, ಎಣಿಸಿದೆ, 23 ಇವೆ. ಎಲ್ಲ ಆ ಪಾಮ್‌ನ ಮಕ್ಕಳು. ನೆಡುವುದೇ ಬೇಕಿರಲಿಲ್ಲ, ನೆಲದಲ್ಲೇ ಕಾಯುತ್ತಾ ಇದ್ದವು.

ಇನ್ನೊಂದು. ಮೊನ್ನೆ ಬೆಳಗಿನ ಜಾವ 4 ಗಂಟೆಗೆ ಎಚ್ಚರವಾಯಿತು. ಕೋಗಿಲೆ. ಕನಸು ಅಂದುಕೊಂಡೆ. ಯಜಮಾನರನ್ನು ಎಬ್ಬಿಸಿ ಕೇಳಿಸಿದೆ. ಇಲ್ಲೂ ಕೋಗಿಲೆ ಇದೆಯಾ?

ಸಾಗರದ ಇಂಬಳ:

ಇದೆ ಅಕ್ಕ, ಹೆಸರೂ ಕೋಯೆಲ್ ಅಂತಲೇ. ನಮ್ಮ ಕೋಗಿಲೆಯ ಹತ್ತಿರದ ನೆಂಟ. ನ್ಯೂಗಿನಿ ಕಡೆಯಿಂದ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬರುತ್ತದೆ, ಬೇಸಿಗೆ ಮುಗಿದ ಮೇಲೆ ಹೋಗುತ್ತದೆ. ಇಲ್ಲಿ ಕಾಗೆಯ ಗೂಡಿನ ಬದಲು ವಾಟಲ್‌ಬರ್ಡ್ ಥರದ ಹಕ್ಕಿಗಳ ಗೂಡಲ್ಲಿ ಮೊಟ್ಟೆ ಇಡುತ್ತದೆ. ಇಲ್ಲಿನ ಸುಮಾರು ಜನ ನಿದ್ದೆ ಕೆಡಿಸುತ್ತದೆ ಅಂತ ಬೈಯುತ್ತಾರೆ. ನನಗೆ ವರ್ಷದ ಮೊದಲ ಕೂಗು ಕೇಳಿದ ದಿನ ಅಮ್ಮನಿಗೆ ಫೋನ್ ಮಾಡಲೇಬೇಕು.

23 ಮೊಳಕೆಯ ಸುದ್ದಿ ಓದಿ ಖುಷಿಯಾಯಿತು. ಆದರೆ ಇವತ್ತೇ ಒಂದು ಕೆಲಸ ಮಾಡಿ. ಈ ಘಟ್ಟದಲ್ಲಿ ರೂಸ ಜಿಂಕೆಗಳಿವೆ, ನಮ್ಮ ಕಡವೆಯ ಬಳಗ. 1900ರ ಆಸುಪಾಸಿನಲ್ಲಿ ಉತ್ತರದ ರಾಯಲ್ ನ್ಯಾಷನಲ್ ಪಾರ್ಕ್‌ಗೆ ತಂದು ಬಿಟ್ಟದ್ದು ಈಗ ಇಲ್ಲೆಲ್ಲ ಹರಡಿವೆ. ಲಂಟಾನ ಇದ್ದಾಗ ಒಳಗೆ ನುಗ್ಗಲು ಆಗುತ್ತಿರಲಿಲ್ಲ. ನೀವು ದಾರಿ ಬಿಟ್ಟುಕೊಟ್ಟಿದ್ದೀರಿ, ರಾತ್ರಿ ಬಂದು ಚಿಗುರು ತಿಂದು ಹೋಗುತ್ತವೆ. ಕಿತ್ತ ಲಂಟಾನದ ಒಣ ಕೊಂಬೆಗಳನ್ನೇ ಮೊಳಕೆಗಳ ಸುತ್ತ ಸಣ್ಣ ಬೇಲಿಯ ಹಾಗೆ ಚುಚ್ಚಿ, ತೋಡಿನಿಂದ ಮಾತ್ರ ದೂರ ಇರಲಿ. ಶನಿವಾರ ನಾನು ತಂತಿಬಲೆ ತರುತ್ತೇನೆ, ಗೂಟ ನಿಮ್ಮಲ್ಲಿದೆಯಾ?

ಕುಂದಾಪುರದವಳು:

ಗೂಟ ಇದೆ ತಮ್ಮ. ನೀರುದೋಸೆ ಮಾಡಿರುತ್ತೇನೆ, ಹಸಿದುಕೊಂಡು ಬನ್ನಿ.

ಎರಡು ಸಲ ಕಟ್ಟಿದ ಗೋಡೆ:

ನಾನೂ ಮಗಳೂ ಬರುತ್ತೇವೆ. ನಮ್ಮಲ್ಲಿ ಲೊಮಾಂಡ್ರ ಸಸಿ 10 ಜಾಸ್ತಿ ಇವೆ, ಇಳಿಜಾರಿನ ಮೇಲಿನ ಅಂಚಿಗೆ ಆಗುತ್ತವೆ.